ನಾಲೆ ಪಕ್ಕದಲ್ಲೇ ಇದ್ದರೂ ಕುಡಿಯಲು ಕ್ಯಾನ್ ನೀರು: ಮಂಡ್ಯದ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮೂರು ಪಾಂಡವಪುರ–ನಾಗಮಂಗಲ ಗಡಿಯಲ್ಲಿದೆ. ಕನ್ನಂಬಾಡಿ ಕಟ್ಟೆ ಹತ್ತಿರವೇ ಇದೆ, ನಾಲೆಯಲ್ಲಿ ನೀರು ಹರಿಯುತ್ತದೆ. ಆದರೂ ಕುಡಿಯಲು 20 ಲೀಟರ್ ಕ್ಯಾನ್ ತರುತ್ತೇವೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) 1150 ಎಂದು ಮೀಟರ್ ತೋರಿಸಿತು. ಮನೆಯಲ್ಲಿ ಐದು ಜನ ದೊಡ್ಡವರು, ಜೊತೆಗೆ ನಾಲ್ಕು ತಿಂಗಳ ಮಗು. ಆರ್‌ಒ (ಸೂಕ್ಷ್ಮ ಪೊರೆಯಲ್ಲಿ ನೀರು ಸೋಸುವ ಯಂತ್ರ) ಹಾಕಿಸಿದರೆ ಸಾಕೇ? ಭೂಮಿಯ ಮುಕ್ಕಾಲು ಭಾಗ ನೀರೇ ಇರುವಾಗ ಜಗತ್ತಿನಲ್ಲಿ ಶುದ್ಧ ನೀರಿನ ಕೊರತೆ ಎನ್ನುವುದು ನಿಜವೇ?

ಉತ್ತರ: ಮೊದಲು ಮಗುವಿನ ವಿಷಯ. ನೀರಿನ ಪರೀಕ್ಷೆ ಆಗುವವರೆಗೆ ಆ ಬೋರ್ ನೀರನ್ನು ಮಗುವಿನ ಬಾಟಲಿಗೆ ಬಳಸಬೇಡಿ, ಕುದಿಸಿ ಆರಿಸಿದ್ದಾದರೂ ಬೇಡ. ಆರು ತಿಂಗಳು ತುಂಬುವವರೆಗೆ ತಾಯಿ ಹಾಲೇ ಸಾಕು, ಬೇರೆ ನೀರು ಬೇಕಿಲ್ಲ. ಪುಡಿ ಹಾಲು ಕೊಡಲೇಬೇಕಾದ ಸ್ಥಿತಿ ಇದ್ದರೆ ಐಎಸ್‌ಐ ಗುರುತು ಮತ್ತು ಸೀಲ್ ಇರುವ ಕ್ಯಾನಿನ ನೀರನ್ನೇ ಕುದಿಸಿ ಬಳಸಿ. ಕಾರಣ ನೈಟ್ರೇಟ್. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಆರು ತಿಂಗಳೊಳಗಿನ ಮಕ್ಕಳಲ್ಲಿ ಹೆಚ್ಚಿನ ನೈಟ್ರೇಟ್ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಗ್ಗಿಸುತ್ತದೆ. ತುಟಿ, ಉಗುರು ನೀಲಿಗಟ್ಟಿದರೆ ಕಾಯಬಾರದು, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಇನ್ನು ಟಿಡಿಎಸ್ ಮೀಟರ್. ನೀರು ಕೆಟ್ಟದ್ದೋ ಒಳ್ಳೆಯದೋ ಎಂದು ತೀರ್ಮಾನಿಸಲು ನಮ್ಮ ಕಡೆ ಎಲ್ಲರೂ ಇದೊಂದನ್ನೇ ನೆಚ್ಚಿಕೊಂಡಿರುವುದು ದೊಡ್ಡ ತೊಂದರೆ. ಆ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಒಟ್ಟು ಎಷ್ಟು ಲವಣ ಕರಗಿದೆ ಎಂದು ಅಂದಾಜು ಮಾಡಿ ಸಂಖ್ಯೆ ತೋರಿಸುತ್ತದೆ. ಕರಗಿರುವುದು ಸುಣ್ಣವೋ, ಉಪ್ಪೋ, ಫ್ಲೋರೈಡೋ ಎಂದು ಅದಕ್ಕೆ ತಿಳಿಯದು. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ನಾಲೆಯ ನೀರಿಗೆ ಮೀಟರ್ ಅದ್ದಿ ನೋಡಿ, 200ರ ಆಸುಪಾಸು ತೋರಿಸಬಹುದು. ಆದರೆ ದನ ಮೈ ತೊಳೆಯುವ, ಊರಿನ ಚರಂಡಿ ಸೇರುವ ಆ ನೀರನ್ನು ಹಾಗೇ ಕುಡಿದರೆ ವಾಂತಿ ಭೇದಿ ಖಂಡಿತ. ಅದೇ 1150 ಇರುವ ನಿಮ್ಮ ನೀರು ಬರೀ ಗಡಸಾಗಿದ್ದರೆ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆರೋಗ್ಯಕ್ಕೆ ದೊಡ್ಡ ಕೇಡೇನೂ ಆಗದಿರಬಹುದು.

ಹಾಗಾಗಿ ಯಂತ್ರ ಕೊಳ್ಳುವ ಮೊದಲು ಪ್ರಯೋಗಾಲಯದ ವರದಿ ಕೈಯಲ್ಲಿರಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500, 2012ರದ್ದು. ಅದರ ಪ್ರಕಾರ ಲೀಟರಿಗೆ ಟಿಡಿಎಸ್ 500 ಮಿಲಿಗ್ರಾಂ ಒಳಗಿದ್ದರೆ ಉತ್ತಮ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಒಪ್ಪಬಹುದು. ಗಡಸುತನ 200, ಗತಿಯಿಲ್ಲದಿದ್ದರೆ 600. ಫ್ಲೋರೈಡ್ 1, ಹೆಚ್ಚೆಂದರೆ 1.5. ನೈಟ್ರೇಟ್ 45, ಇದಕ್ಕೆ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಇ. ಕೋಲೈ ರೋಗಾಣು 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ನಿಮ್ಮ ವರದಿಯಲ್ಲಿ ಮೊದಲು ನೋಡಬೇಕಾದ್ದು ಈ ಕೊನೆಯ ಮೂರನ್ನು; ಟಿಡಿಎಸ್ ಆಮೇಲೆ.

ಮಾದರಿ ಹಿಡಿಯುವುದರಲ್ಲೇ ಅರ್ಧ ವರದಿಗಳು ಕೆಡುತ್ತವೆ. ಟ್ಯಾಂಕಿನ ನಲ್ಲಿಯಿಂದ ಹಿಡಿಯಬೇಡಿ, ಪಂಪಿನ ಬಾಯಿಂದ ಹಿಡಿಯಿರಿ. ಮೋಟಾರು ಹತ್ತು ನಿಮಿಷ ಓಡಿ ಪೈಪಿನ ಹಳೆ ನೀರು ಹೋಗಲಿ. ರಾಸಾಯನಿಕ ಪರೀಕ್ಷೆಗೆ ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಅದನ್ನು ತೊಳೆಯಬಾರದು, ಮುಚ್ಚಳದ ಒಳಭಾಗ ಮುಟ್ಟಬಾರದು. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಜಿಲ್ಲಾ ಮಟ್ಟದಲ್ಲಿ ಪ್ರಯೋಗಾಲಯ ಇರುತ್ತದೆ, ದಾರಿ ಪಂಚಾಯಿತಿಯಲ್ಲಿ ಕೇಳಿದರೆ ಸಿಗುತ್ತದೆ. ವರ್ಷಕ್ಕೆ ಎರಡು ಪರೀಕ್ಷೆ ಬೇಕು. ಬೇಸಿಗೆಯ ಕೊನೆಯಲ್ಲಿ ಒಂದು, ಆಗ ಲವಣಗಳು ಗಟ್ಟಿಯಾಗಿರುತ್ತವೆ. ಮಳೆಗಾಲದಲ್ಲಿ ಇನ್ನೊಂದು, ಆಗ ಮೇಲಿನ ಕೊಳೆ ಇಳಿಯುತ್ತದೆ.

ಪಕ್ಕದಲ್ಲೇ ಕಾವೇರಿ ಇದ್ದೂ ಬೋರ್ ನೀರು ಹೀಗೇಕೆ? ನಿಮ್ಮ ಕಾಲ ಕೆಳಗಿರುವುದು ನೈಸ್ ಶಿಲೆ, ಗಟ್ಟಿ ಬಂಡೆ. ಮೇಲಿನ ಶಿಥಿಲ ಪದರ ಕೆಲವು ಹತ್ತು ಅಡಿ ಮಾತ್ರ ದಪ್ಪ. ಹಿಂದೆ ತೆರೆದ ಬಾವಿಗಳಿಗೆ ಒರತೆ ಕೊಡುತ್ತಿದ್ದದ್ದು ಆ ಪದರವೇ. ಅದು ಒಣಗಿದ ಮೇಲೆ ಬಂಡೆಯ ಬಿರುಕುಗಳಿಗೆ ಇಳಿದೆವು. ಬಿರುಕಿನ ನೀರು ಬಹುಕಾಲ ಕಲ್ಲಿಗೆ ತಾಗಿಯೇ ನಿಂತದ್ದು. ಕಲ್ಲಿನ ಅಭ್ರಕ, ಅಪಟೈಟ್‌ನಂಥ ಖನಿಜಗಳಿಂದ ಫ್ಲೋರೈಡ್ ಬಿಟ್ಟುಕೊಂಡು ಬರುತ್ತದೆ. ಇನ್ನೂರು ಅಡಿ ಆಳಕ್ಕೆ ಕೊರೆಸಿದರೆ ಒಳ್ಳೆ ನೀರು ಸಿಕ್ಕೀತು ಎಂಬ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುವುದು ಇದಕ್ಕೇ. ಆಳಕ್ಕೆ ಹೋದಂತೆ ನೀರು ಹಳೆಯದು, ಹೆಚ್ಚು ಲವಣದ್ದು. ನೈಟ್ರೇಟ್ ಮಾತ್ರ ಮೇಲಿನಿಂದ ಬರುವಂಥದ್ದು: ಗದ್ದೆಗೆ ಹಾಕಿ ಉಳಿದ ಯೂರಿಯಾ, ತಿಪ್ಪೆ, ಶೌಚದ ಗುಂಡಿ. ಗುಂಡಿಗೂ ಬೋರಿಗೂ ಕನಿಷ್ಠ 50 ಅಡಿ ಅಂತರ ಬೇಕು. ಬಂಡೆ ಬಿರುಕಿರುವ ಕಡೆ ಅದೂ ಸಾಲದು. ಕೇಸಿಂಗ್ ಪೈಪು ನೆಲದಿಂದ ಒಂದೂವರೆ ಅಡಿ ಮೇಲೆ ಎದ್ದಿರಬೇಕು, ಸುತ್ತ ಸಿಮೆಂಟಿನ ಇಳಿಜಾರು ಕಟ್ಟೆ ಇರಬೇಕು. ಇಲ್ಲದಿದ್ದರೆ ಪೈಪಿನ ಹೊರಸುತ್ತಿನಿಂದಲೇ ಕೊಚ್ಚೆ ಇಳಿಯುತ್ತದೆ.

ಆರ್‌ಒ ಬೇಕೇ ಎಂಬುದಕ್ಕೆ ನೇರ ಉತ್ತರ: ಫ್ಲೋರೈಡ್ 1.5 ಮೀರಿದ್ದರೆ ಅಥವಾ ನೈಟ್ರೇಟ್ 45 ಮೀರಿದ್ದರೆ ಆರ್‌ಒ ಒಂದು ದಾರಿ. ಬರೀ ರೋಗಾಣು ಇದ್ದರೆ ಕ್ಲೋರಿನ್ ಅಥವಾ ಯುವಿ (ಅತಿನೇರಳೆ ಬೆಳಕಿನ ಯಂತ್ರ) ಸಾಕು, ಆರ್‌ಒ ದುಂದು. ಬರೀ ಗಡಸುತನವಾದರೆ ಇನ್ನೊಂದು ಸುಲಭ ಉಪಾಯವಿದೆ, ಮುಂದೆ ಹೇಳುತ್ತೇವೆ.

ಆರ್‌ಒ ಹಾಕಿಸಿದವರು ಎಡವುವುದು ಟಿಡಿಎಸ್ ನಿಯಂತ್ರಕ ಎಂಬ ಸಣ್ಣ ತಿರುಪಿನಲ್ಲಿ. ರುಚಿ ಬರಲೆಂದು ಅದನ್ನು ತೆರೆದರೆ ಪೊರೆಯನ್ನು ದಾಟದ ಕಚ್ಚಾ ನೀರು ಶುದ್ಧ ನೀರಿಗೆ ಬೆರೆಯುತ್ತದೆ. ಲೆಕ್ಕ ಹಾಕಿ ನೋಡಿ. ನೀರಿನಲ್ಲಿ ನೈಟ್ರೇಟ್ 120 ಇದೆ, ನಿಯಂತ್ರಕ ಶೇ. 30ರಷ್ಟು ಕಚ್ಚಾ ನೀರು ಬಿಡುತ್ತಿದೆ ಎಂದರೆ ಅದರಿಂದಲೇ 36 ಬಂತು. ಪೊರೆ ನೈಟ್ರೇಟನ್ನು ಪೂರ್ತಿ ತಡೆಯುವುದಿಲ್ಲ, ಹತ್ತರಲ್ಲಿ ಒಂದು ಪಾಲು ನುಸುಳಿದರೂ ಇನ್ನೊಂದು 8 ಸೇರಿತು. ಒಟ್ಟು 44. ಯಂತ್ರ ಓಡುತ್ತಿದೆ, ನೀರು ರುಚಿಯಾಗಿದೆ, ಮಿತಿಯ ಅಂಚಿಗೆ ಬಂದು ನಿಂತಿದ್ದೀರಿ. ಆದ್ದರಿಂದ ಫ್ಲೋರೈಡ್, ನೈಟ್ರೇಟ್ ಇರುವ ಮನೆಯಲ್ಲಿ ಆ ತಿರುಪನ್ನು ಪೂರ್ತಿ ಮುಚ್ಚಿಸಿ. ಟಿಡಿಎಸ್ ಮೀಟರಿಗೆ ನಿಜವಾದ ಕೆಲಸ ಇರುವುದೂ ಇಲ್ಲೇ: ಒಳಹೋಗುವ ಮತ್ತು ಹೊರಬರುವ ನೀರನ್ನು ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ತಿರುಪು ಮುಚ್ಚಿದ್ದೂ ಹೊರಬರುವ ಟಿಡಿಎಸ್ ಒಳಗಿನದರ ಶೇ. 15 ದಾಟಿದರೆ ಪೊರೆ ಸವೆದಿದೆ, ಬದಲಿಸಬೇಕು. ಗಡಸು ನೀರಿನಲ್ಲಿ ಇದು ಬೇಗ ಬರುತ್ತದೆ.

ಮನೆಯ ಆರ್‌ಒ ಒಂದು ಲೀಟರ್ ಕೊಡಲು ಎರಡರಿಂದ ಮೂರು ಲೀಟರ್ ಹೊರಚೆಲ್ಲುತ್ತದೆ. ಆ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಕೈತೋಟಕ್ಕೆ ದಿನವೂ ಸುರಿದರೆ ಮಣ್ಣು ಚೌಳಾಗುತ್ತದೆ. ಊರಿನ ಶುದ್ಧ ನೀರಿನ ಘಟಕ ಹೊರಬಿಡುವ ನೀರು ಅದೇ ಬೋರಿನ ಪಕ್ಕದಲ್ಲಿ ಇಂಗುತ್ತಿದ್ದರೆ, ವರ್ಷದಿಂದ ವರ್ಷಕ್ಕೆ ಆ ಬೋರಿನ ಲವಣ ಏರುತ್ತದೆ. ಪೈಪು ದೂರ ಒಯ್ಯುವಂತೆ ಪಂಚಾಯಿತಿಯನ್ನು ಒತ್ತಾಯಿಸುವುದು ನಿಮ್ಮ ಹಕ್ಕು.

ಈಗ ಹೇಳುವುದು ನಿಮ್ಮ ಮನೆಗೆ ಎಲ್ಲಕ್ಕಿಂತ ಹೊಂದುವ ದಾರಿ. ಒಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 7 ಲೀಟರ್ ಸಾಕು. ಐದು ಜನಕ್ಕೆ 35. ಮಿಕ್ಕ ಸ್ನಾನ, ಬಟ್ಟೆ, ದನಕರುವಿಗೆ ಬೋರ್ ನೀರು ನಡೆಯುತ್ತದೆ. ಶುದ್ಧವಾಗಬೇಕಾದ್ದು ಈ 35 ಲೀಟರ್ ಮಾತ್ರ, ಮನೆಗೆ ಬರುವ ನೀರೆಲ್ಲ ಅಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗಿನ 120 ಒಣ ದಿನಗಳಿಗೆ 4,200 ಲೀಟರ್ ಆಯಿತು. ಅಂದರೆ 5,000 ಲೀಟರಿನ ಒಂದು ತೊಟ್ಟಿ.

ಅದನ್ನು ಮಳೆ ತುಂಬಿಸುತ್ತದೆ. ಒಂದು ಚದರ ಮೀಟರ್ ಮಾಳಿಗೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. 60 ಚದರ ಮೀಟರ್ ತಾರಸಿಯಲ್ಲಿ, ಐದರಲ್ಲೊಂದು ಪಾಲು ನಷ್ಟ ಕಳೆದು, ಪ್ರತಿ ಮಿಲಿಮೀಟರಿಗೆ 48 ಲೀಟರ್. ತೊಟ್ಟಿ ತುಂಬಲು 105 ಮಿಲಿಮೀಟರ್ ಸಾಕು. ಮಂಡ್ಯದಲ್ಲಿ ಸಾಮಾನ್ಯ ವರ್ಷ ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳಲ್ಲಿ ಅದರ ಎರಡರಷ್ಟಾದರೂ ಬೀಳುತ್ತದೆ. ಕಲ್ನಾರಿನ ಶೀಟು, ಬಣ್ಣ ಬಳಿದ ಹಳೆ ತಗಡು ಮಾಡಾದರೆ ಕುಡಿಯಲು ಬೇಡ. ಸಿಮೆಂಟ್ ತಾರಸಿ, ಹೆಂಚು ಆಗುತ್ತದೆ.

ಮೊದಲ ಮಳೆಯ ಕೊಳೆ ತೊಟ್ಟಿಗೆ ಸೇರಕೂಡದು. ಮೊದಲ 2 ಮಿಲಿಮೀಟರ್ ಹೊರಗೆ ಹೋಗಬೇಕು ಎಂದರೆ 60 ಚದರ ಮೀಟರಿಗೆ 120 ಲೀಟರ್. ಇದಕ್ಕೆ ಆರಿಂಚಿನ ಪೈಪು ನಿಲ್ಲಿಸುವವರಿದ್ದಾರೆ. ಅದು ಮೀಟರಿಗೆ ಸುಮಾರು 18 ಲೀಟರ್ ಮಾತ್ರ ಹಿಡಿಯುತ್ತದೆ, 120 ಲೀಟರಿಗೆ ಬೇಕಾದಷ್ಟು ಉದ್ದ ನಿಲ್ಲಿಸಲು ಮನೆಯ ಗೋಡೆ ಸಾಲದು. ಸಾಕಷ್ಟು ದೊಡ್ಡದೊಂದು ಡ್ರಮ್ಮಿಗೆ ಮೊದಲು ನೀರು ಬೀಳುವಂತೆ ಮಾಡಿ, ಅದು ತುಂಬಿದಾಗ ತೇಲುವ ಚೆಂಡು ಬಾಯಿ ಮುಚ್ಚಿ ನೀರು ತೊಟ್ಟಿಯತ್ತ ತಿರುಗಲಿ. ಡ್ರಮ್ಮಿನ ತಳದಲ್ಲಿ ಸದಾ ತೊಟ್ಟಿಕ್ಕುವ ಸಣ್ಣ ತೂತಿದ್ದರೆ ಮುಂದಿನ ಮಳೆಗೆ ತಾನೇ ಖಾಲಿಯಾಗಿರುತ್ತದೆ. ಆಮೇಲೆ ತಳದಲ್ಲಿ ಜಲ್ಲಿ, ನಡುವೆ ಇದ್ದಿಲು, ಮೇಲೆ ತೊಳೆದ ದಪ್ಪ ಮರಳಿನ ಶೋಧಕ, ಪದರಗಳ ನಡುವೆ ನೈಲಾನ್ ಜಾಲರಿ. ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯಿರಿ. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಉಕ್ಕುವ ನೀರಿನ ಪೈಪಿಗೆ ಜಾಲರಿ ಕಟ್ಟದಿದ್ದರೆ ಸೊಳ್ಳೆ.

ತೊಟ್ಟಿ ತುಂಬಿದ ಮೇಲೆ ಕ್ಲೋರಿನ್. ಒಳ್ಳೆಯ ಬ್ಲೀಚಿಂಗ್ ಪುಡಿ 1,000 ಲೀಟರಿಗೆ 2.5 ಗ್ರಾಂ, 5,000ಕ್ಕೆ 12.5 ಗ್ರಾಂ. ನೇರ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಗೆ ಹಾಕಿ ಕಲಕಿ. ಒಂದು ಗಂಟೆ ಬಿಟ್ಟು ಪರೀಕ್ಷಿಸಿದರೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಏನೂ ಉಳಿದಿಲ್ಲವೆಂದರೆ ಒಂದೋ ನೀರು ಕೊಳಕು, ಒಂದೋ ಪುಡಿ ಸತ್ತಿದೆ. ಬಾಯಿ ತೆರೆದಿಟ್ಟ ಬ್ಲೀಚಿಂಗ್ ಪುಡಿ ನಮ್ಮ ಬೇಸಿಗೆಯ ಬಿಸಿಗೆ ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಸಣ್ಣ ಪೊಟ್ಟಣ ತಂದು, ಗಾಳಿಯಾಡದ ಡಬ್ಬಿಯಲ್ಲಿ ನೆರಳಿನಲ್ಲಿಡಿ. ಕ್ಲೋರಿನ್ ತಾನೂ ದಿನಗಳೆದಂತೆ ತೀರುತ್ತದೆ, ಹಾಗಾಗಿ ಕುಡಿಯುವ ಬಿಂದಿಗೆಗೆ ತುಂಬಿದ ನೀರನ್ನು ಕುದಿಸಿದರೆ ಒಳ್ಳೆಯದು.

ಗಡಸು ನೀರಿಗೆ ಹೇಳಿದ ಸುಲಭ ಉಪಾಯ ಬೆರಕೆ. ಮಳೆ ನೀರಿನಲ್ಲಿ ಲವಣ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂರು ಬಿಂದಿಗೆ ಮಳೆ ನೀರಿಗೆ ಒಂದು ಬಿಂದಿಗೆ ನಿಮ್ಮ 1150ರ ಬೋರ್ ನೀರು ಬೆರೆಸಿದರೆ ಟಿಡಿಎಸ್ 300ರ ಹತ್ತಿರ ಇಳಿಯುತ್ತದೆ. ಫ್ಲೋರೈಡ್ 2.4 ಇದ್ದರೆ 0.6, ನೈಟ್ರೇಟ್ 80 ಇದ್ದರೆ 20. ರುಚಿಯೂ ಸಪ್ಪೆ ಎನಿಸದು, ತೊಟ್ಟಿಯ ನೀರೂ 40 ದಿನ ಹೆಚ್ಚು ಬಾಳುತ್ತದೆ. ವರದಿ ನೋಡಿಯೇ ಅಳತೆ ತೀರ್ಮಾನಿಸಿ, ಬೆರಸಿದ ಮೇಲೆ ಕುದಿಸಿ. ವಿದ್ಯುತ್ ಬೇಡ, ಪೊರೆ ಬೇಡ, ಚೆಲ್ಲುವುದೂ ಇಲ್ಲ. ಇಷ್ಟು ಅಗ್ಗದ ವಿಧಾನ ಹಳ್ಳಿಗಳಲ್ಲಿ ಇನ್ನೂ ಅಪರೂಪವಾಗಿರುವುದು ಬೇಸರದ ಸಂಗತಿ.

ಮಾಳಿಗೆಯ ಹೆಚ್ಚುವರಿ ನೀರನ್ನು ಬೋರ್ ಸುತ್ತ ಇಂಗಿಸಬಹುದು. ಆದರೆ ಗದ್ದೆಯಿಂದ, ಬೀದಿಯಿಂದ ಹರಿದು ಬರುವ ನೀರನ್ನು ಕೇಸಿಂಗಿನೊಳಗೆ ನೇರ ಬಿಡಬೇಡಿ. ಯೂರಿಯಾ, ಕೀಟನಾಶಕ, ಸಗಣಿ ಎಲ್ಲವೂ ಅಂತರ್ಜಲಕ್ಕೆ ಇಳಿದುಹೋದರೆ ಮತ್ತೆ ತೆಗೆಯುವ ದಾರಿಯಿಲ್ಲ. ಅಂಥ ನೀರಿಗೆ ಊರ ಕಟ್ಟೆ, ಅಂದರೆ ಸಣ್ಣ ಕೆರೆಯೇ ಸರಿ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದ ಇಳಿಜಾರಿನಲ್ಲಿ ಸಾಲು ಕಟ್ಟೆ ತೋಡಿದ್ದು ಇದನ್ನೇ ಬಲ್ಲವರಾಗಿ: ನೀರು ನಿಂತು, ಕೆಸರು ಕೂತು, ಮಣ್ಣಿನ ಮೂಲಕ ನಿಧಾನ ಇಳಿಯಬೇಕು.

ಇನ್ನು ಜಗತ್ತಿನ ಕೊರತೆ ನಿಜವೇ ಎಂಬ ಪ್ರಶ್ನೆ. ನಿಜ. ಭೂಮಿಯ ನೀರಿನಲ್ಲಿ ಶೇ. 97.5 ಉಪ್ಪುನೀರು. ಉಳಿದ ಎರಡೂವರೆಯಲ್ಲಿ ಮೂರನೇ ಎರಡು ಪಾಲು ಹಿಮವಾಗಿ ಹೆಪ್ಪುಗಟ್ಟಿದೆ, ಮಿಕ್ಕದ್ದರಲ್ಲಿ ಬಹುಪಾಲು ನೆಲದೊಳಗಿದೆ. ನದಿ, ಕೆರೆಗಳಲ್ಲಿ ಕಣ್ಣಿಗೆ ಕಾಣುವುದು ಸಿಹಿನೀರಿನಲ್ಲೂ ಶೇಕಡಾ ಒಂದಕ್ಕಿಂತ ಕಡಿಮೆ. ಆದರೂ ನೀರು ಭೂಮಿಯಿಂದ ಮುಗಿದುಹೋಗುತ್ತಿಲ್ಲ, ಮಳೆ ವರ್ಷವರ್ಷವೂ ಬರುತ್ತದೆ. ಕಡಿಮೆಯಾಗುತ್ತಿರುವುದು ಬೇಕಾದ ಊರಿನಲ್ಲಿ, ಬೇಕಾದ ತಿಂಗಳಲ್ಲಿ, ಕುಡಿಯಲು ಯೋಗ್ಯವಾಗಿ ಸಿಗುವ ನೀರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2022ರ ಲೆಕ್ಕದಲ್ಲಿ ಮನೆಯಲ್ಲೇ, ಬೇಕಾದಾಗ, ಮಾಲಿನ್ಯವಿಲ್ಲದ ನೀರು ಸಿಗದವರು 220 ಕೋಟಿ ಜನ. ಮನೆಯಲ್ಲಿ ನೀರಿಲ್ಲದ ಹತ್ತು ಕುಟುಂಬಗಳಲ್ಲಿ ಏಳರಲ್ಲಿ ಹೊತ್ತು ತರುವವರು ಹೆಂಗಸರೇ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸಿಗುವ ನೀರು 1951ರಲ್ಲಿ 5,177 ಘನ ಮೀಟರ್ ಇತ್ತು, 2021ರ ಅಂದಾಜು 1,486. ಅದು 1,700ಕ್ಕಿಂತ ಇಳಿದರೆ ನೀರಿನ ಒತ್ತಡ ಎಂದು ತಜ್ಞರು ಕರೆಯುತ್ತಾರೆ. 2018ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿತು. ಜಗತ್ತೇ ಬೆಚ್ಚಿಬಿತ್ತು. ನಮ್ಮ ಜಲಜೀವನ್ ಮಿಷನ್ ಹಳ್ಳಿಯವರಿಗೆ ಕೊಡಬೇಕೆಂದು ಇಟ್ಟುಕೊಂಡಿರುವ ಗುರಿಯೇ 55 ಲೀಟರ್.

ಜಗತ್ತಿನಲ್ಲಿ ನದಿ, ಕೆರೆ, ನೆಲದಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು ಶೇ. 70 ಬೇಸಾಯಕ್ಕೆ ಹೋಗುತ್ತದೆ. ಮಂಡ್ಯದಲ್ಲಿ ಕೂತು ಈ ಮಾತನ್ನು ತಪ್ಪಿಸಿಕೊಳ್ಳಲಾಗದು. ಕಬ್ಬಿನ ಒಂದು ಬೆಳೆಗೆ, ಮಳೆಯೂ ಸೇರಿ, 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನಡುವಿನ 2,000 ಹಿಡಿದರೂ ಎಕರೆಗೆ 81 ಲಕ್ಷ ಲೀಟರ್. ದಿನಕ್ಕೆ 55 ಲೀಟರಿನಂತೆ ಅದು 400 ಜನರ ಒಂದು ವರ್ಷದ ನೀರು. 2024ರ ಅಕ್ಟೋಬರಿನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಶುರುವಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರಿನದು, ವರ್ಷಕ್ಕೆ 10 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಸುಮಾರು 35 ಸಾವಿರ ಎಕರೆ ಕಬ್ಬಿನ ಬೇಡಿಕೆಗೆ ಅದು ಸಮ. ಕಾವೇರಿ ನೀರಿನ ಹಂಚಿಕೆ ಬಗ್ಗೆ 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕಕ್ಕೆ 284.75 ಟಿಎಂಸಿ ಎಂದು ಗೆರೆ ಎಳೆದಿದೆ. ಊರಿಗೂ ಗದ್ದೆಗೂ ಹಂಚಿಕೊಳ್ಳಬೇಕಾದ್ದು ಅಷ್ಟರಲ್ಲೇ. ಇದನ್ನು ರೈತರ ಮೇಲೆ ಹೊರಿಸುವುದು ಅನ್ಯಾಯ. ಬೆಲೆ ಖಾತರಿ ಇರುವ ಬೆಳೆಯನ್ನು, ಕಟ್ಟು ಪದ್ಧತಿಯಲ್ಲಿ (ನಾಲೆ ನೀರನ್ನು ಸರದಿಯಂತೆ ಬಿಡುವ ಕ್ರಮ) ಯಾವಾಗ ಬಂದೀತೋ ತಿಳಿಯದ ನೀರನ್ನು ನಂಬಿ, ಬೇರೆ ದಾರಿಯಿಲ್ಲದೆ ಬೆಳೆಯುತ್ತಾರೆ. ನೀರು ಬಂದ ದಿನ ಗದ್ದೆ ತುಂಬಿಸಿಕೊಳ್ಳದೆ ಏನು ಮಾಡಬೇಕು?

ನಿಮಗೆ ಭತ್ತದ ಗದ್ದೆ ಇದ್ದರೆ ಒಂದು ತುಂಡು ಪೈಪಿನಿಂದ ಇದರಲ್ಲೂ ಸ್ವಲ್ಪ ಕೈ ಆಡಿಸಬಹುದು. ಒಂದಡಿ ಉದ್ದದ, ನಾಲ್ಕರಿಂದ ಆರಿಂಚು ಅಗಲದ ಪಿವಿಸಿ ಪೈಪಿನ ಅರ್ಧ ಭಾಗಕ್ಕೆ ಸುತ್ತಲೂ ತೂತು ಕೊರೆಯಿರಿ. ಬದುವಿನಿಂದ ಕೈಗೆ ಸಿಗುವ ಜಾಗದಲ್ಲಿ, ತೂತಿರುವ ಅರ್ಧ ನೆಲದೊಳಗಿರುವಂತೆ ಊರಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯಾಗಿ ಎರಡು ವಾರದ ಮೇಲೆ, ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ನೀರು ಕಟ್ಟಿ, ಅದೂ 5 ಸೆಂಟಿಮೀಟರ್ ನಿಲ್ಲುವಷ್ಟು. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ಆಮೇಲಿನವರೆಗೆ ಗದ್ದೆ ಒಣಗಲು ಬಿಡಬೇಡಿ, ಕಾಳು ಜೊಳ್ಳಾಗುತ್ತದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹರಡಿದ ಈ ಕ್ರಮದಲ್ಲಿ ಇಳುವರಿ ಕುಗ್ಗದೆ ಶೇ. 30ರವರೆಗೆ ನೀರು ಉಳಿಯುತ್ತದೆ. ಚೌಳು ಮಣ್ಣಿನ ಗದ್ದೆಗೆ ಮಾತ್ರ ಇದು ಸಲ್ಲ. ನೀರು ಇಳಿದರೆ ಲವಣ ಬೇರಿನ ಮಟ್ಟಕ್ಕೆ ಏರುತ್ತದೆ. ನಾಲೆಯ ಕೊನೆಭಾಗದಲ್ಲಿದ್ದು ಕಟ್ಟಿನ ಸರದಿ ಹತ್ತು ದಿನಕ್ಕಿಂತ ತಡವಾಗುವವರು ಬೋರಿನ ಆಸರೆ ಇದ್ದರೆ ಮಾತ್ರ ಕೈಹಾಕಿ. ಮೊದಲ ವರ್ಷ ಒಂದೇ ಮಡಿಯಲ್ಲಿ ನೋಡಿ.